ಹೆಬ್ಬೆರಳಿನ ಮೇಜು ಮತ್ತು ದ್ವೀಪದ ಕೊಲೆಗಳು

ಅವಳಿಗೆ ದ್ವೀಪದಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರು ಮಾತ್ರ ಸರಿಯಾಗಿಯೇ ಇಟ್ಟಿದ್ದರು. ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ನೋಡದ ಹೆಂಗಸು ದಿನವೂ ಒಂದಲ್ಲ ಒಂದು ದ್ವೀಪದ ಮೇಲೆ ಇರುತ್ತಿದ್ದಳು. ಓದಿದರೆ ಕೊಲೆಯ ಕಾದಂಬರಿಯನ್ನೇ ಓದಬೇಕು, ಕೊಲೆಯಾದರೆ ದ್ವೀಪದಲ್ಲೇ ಆಗಬೇಕು, ಕತೆ ಮುಗಿಯುವವರೆಗೆ ಆ ದ್ವೀಪಕ್ಕೆ ದೋಣಿ ಬರಬಾರದು. ಪಟ್ಟಣದ ಕೊಲೆ, ರೈಲಿನ ಕೊಲೆ, ಬಂಗಲೆಯ ಕೊಲೆ, ಯಾವುದಕ್ಕೂ ಅವಳು ಸೊಪ್ಪು ಹಾಕುತ್ತಿರಲಿಲ್ಲ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯವನು ಅವಳು ಮೆಟ್ಟಿಲು ಹತ್ತುವಾಗಲೇ, "ಬಂದಿದೆ ತಾಯಿ, ಸುತ್ತ ನೀರಿದೆ, ಬೇಕಾದಷ್ಟು ಹೆಣ ಬೀಳ್ತವೆ," ಎಂದು ಒಳಗಿಂದ ತೆಗೆದು ಕೊಡುತ್ತಿದ್ದ.

ಅವಳ ನಾದಿನಿಗೆ ಈ ಓದು ಕಂಡರೆ ಆಗುತ್ತಿರಲಿಲ್ಲ. ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

"ಅತ್ತಿಗೆ, ಈ ವಯಸ್ಸಲ್ಲಿ ಒಳ್ಳೇದೇನಾದ್ರೂ ಓದಬಾರದಾ? ನೋಡಿದ ನಾಲ್ಕು ಜನ ಏನಂದ್ಕೋತಾರೆ?"

"ಆ ನಾಲ್ಕು ಜನಾನೂ ನನ್ನ ಪುಸ್ತಕದಲ್ಲೇ ಸತ್ತುಹೋದ್ರು ಕಣೇ. ಇನ್ನೇನೂ ಅಂದ್ಕೊಳ್ಳಲ್ಲ."

ನಾದಿನಿ ಮುಖ ಸಿಂಡರಿಸಿಕೊಂಡು ಹೋದಮೇಲೆ ಗಂಡ ನಗುತ್ತಿದ್ದ. ಅವನು ಬೀಗ ರಿಪೇರಿ ಮಾಡುವವನು, ಮನೆಯ ಮುಂಭಾಗದಲ್ಲೇ ಅವನ ಅಂಗಡಿ. ಸಂಜೆ ಹೆಂಡತಿ ಬಂದೊಡನೆ, "ಇವತ್ತು ಎಷ್ಟು ಹೆಣ?" ಎಂದು ಕೇಳುವುದು ಅವನ ವಾಡಿಕೆ. ಒಳಗಿಂದ ಚಿಲಕ ಹಾಕಿದ ಕೋಣೆಯಲ್ಲಿ ಯಾರಾದರೂ ಸತ್ತರೆ ಮಾತ್ರ ಅವನಿಗೆ ಪಿತ್ತ ಕೆರಳುತ್ತಿತ್ತು. "ಬರೆದವನು ಜನ್ಮದಲ್ಲಿ ಚಿಲಕ ಮುಟ್ಟಿಲ್ಲ ನೋಡು," ಎಂದು ಗೊಣಗುತ್ತಿದ್ದ.

ದ್ವೀಪವೇ ಯಾಕೆ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಿತ್ತು. "ಊರಲ್ಲಿ ಏನಾದ್ರೂ ಆದ್ರೆ ಯಾರೋ ಹೊರಗಿನವನು ಮಾಡಿದ ಅಂತ ಕೈ ತೊಳ್ಕೋತಾರೆ. ದ್ವೀಪದಲ್ಲಿ ಆ ಆಟ ನಡೆಯಲ್ಲ. ಮಾಡಿದವನು ಊಟದ ಮೇಜಲ್ಲೇ ಕೂತು, ಸ್ವಲ್ಪ ಉಪ್ಪು ಕೊಡಿ ಅಂತ ಕೇಳ್ತಾ ಇರ್ತಾನೆ." ಇನ್ನೊಂದು ಮಾತನ್ನೂ ಅವಳು ತಪ್ಪದೆ ಸೇರಿಸುತ್ತಿದ್ದಳು. "ಅಲ್ಲಿ ಸಾಯೋರು ಯಾರು ಗೊತ್ತಾ? ಒಂಟಿಯಾಗಿ ಹೋದವರು. ಒಬ್ಬ ಟಾರ್ಚ್ ತರ್ತೀನಿ ಅಂತ ಹೋಗ್ತಾನೆ, ಒಬ್ಬಳು ಶಾಲು ಮರೆತೆ ಅಂತ ಹೋಗ್ತಾಳೆ, ಮುಗೀತು ಕತೆ. ಎಲ್ಲರೂ ಒಂದೇ ಕೋಣೇಲಿ ಮೈಗೆ ಮೈ ತಾಗಿಸಿ ಕೂತಿದ್ರೆ ಒಂದು ಇಲೀನೂ ಸಾಯ್ತಿರಲಿಲ್ಲ." ಎಲ್ಲರೂ ನಗುತ್ತಿದ್ದರು. ಅವಳು ನಗಿಸಲು ಹೇಳಿದ್ದಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಕೈಗವಸಿನ ಕಾರ್ಖಾನೆಯಲ್ಲಿ. ಕುಲುಮೆಯ ಮುಂದೆ ನಿಲ್ಲುವವರು, ಬಿಸಿ ಗಾಜು ಎತ್ತುವವರು ಹಾಕಿಕೊಳ್ಳುವ ದಪ್ಪ ಬಟ್ಟೆಯ ಗವಸು. ಮದುವೆಗೆ ಮುಂಚೆಯೇ ಸೇರಿ, ಮೆಷಿನ್ ಹಾಲಿನಲ್ಲಿ ಎಲ್ಲರಿಗಿಂತ ಚುರುಕು ಎನಿಸಿಕೊಂಡವಳು. ಒಂದು ದಿನ ಮೆಷಿನ್ನಿನ ಸೂಜಿ ಬಲಗೈ ಹೆಬ್ಬೆರಳಿನ ಉಗುರು ತೂರಿ ಗಂಟಿನೊಳಗೆ ಮುರಿದು ನಿಂತಿತು. ಸೂಜಿ ಹೊರಗೆ ಬಂತು, ನೋವು ಹೋಯಿತು, ಆದರೆ ಬೆರಳು ಮತ್ತೆ ಮಡಚಲಿಲ್ಲ. ಏನನ್ನೋ ಒಪ್ಪಿಗೆ ಎನ್ನುವ ಹಾಗೆ ಅದು ಸದಾ ಮೇಲಕ್ಕೆ ನಿಂತಿರುತ್ತಿತ್ತು. ಅವಳು ಮಾತ್ರ ಯಾವುದಕ್ಕೂ ಒಪ್ಪಿದವಳಲ್ಲ. "ಗಮನ ಎಲ್ಲಿತ್ತಮ್ಮ?" ಎಂದು ಕೇಳಿದ್ದು ಬಿಟ್ಟರೆ ಕಾರ್ಖಾನೆ ಅವಳಿಗಾಗಿ ಮಾಡಿದ್ದು ಒಂದೇ, ಮೆಷಿನ್ನಿಂದ ಎಬ್ಬಿಸಿ ಹಿಂದಿನ ಕೋಣೆಯ ಹೆಬ್ಬೆರಳಿನ ಮೇಜಿಗೆ ಕೂರಿಸಿದ್ದು.

ಹೆಬ್ಬೆರಳಿನ ಮೇಜು ಎಂದರೆ ಆ ಕೋಣೆಯುದ್ದಕ್ಕೂ ಹಾಕಿದ ಒಂದೇ ಮೇಜು. ಮೆಷಿನ್ನಿನಲ್ಲಿ ನಾಲ್ಕು ಬೆರಳು ಹೊಲಿದ ಗವಸು ಅಲ್ಲಿಗೆ ಬರುತ್ತದೆ. ಅದಕ್ಕೆ ಆಗ ಎಡ ಬಲ ಎಂಬುದೇ ಇಲ್ಲ, ಎರಡೂ ಮುಖ ಒಂದೇ. ಯಾವ ಮುಖವನ್ನು ಅಂಗೈ ಮಾಡಿ ಹೆಬ್ಬೆರಳು ಕೂರಿಸುತ್ತಾರೋ ಅದರ ಮೇಲೆ ಅದು ಎಡಗೈಯೋ ಬಲಗೈಯೋ ಆಗುತ್ತದೆ. ಹೆಬ್ಬೆರಳಿನ ತಿರುವಿಗೆ ಮೆಷಿನ್ ಹೋಗುವುದಿಲ್ಲ, ಕೈಯಲ್ಲೇ ಹೊಲಿಯಬೇಕು. ಗಳಿಗೆಗೊಮ್ಮೆ ಎಡ ಬಲ ಬದಲಾಯಿಸಿದರೆ ಕೈ ತಪ್ಪುತ್ತದೆಂದು ಬೆಳಿಗ್ಗೆಯೆಲ್ಲ ಎಡಗೈ, ಊಟವಾದ ಮೇಲೆ ಬಲಗೈ ಎಂಬ ಪದ್ಧತಿ. ಊಟದ ಡಬ್ಬಿ ಮುಚ್ಚಿ ಕೂತೊಡನೆ ಮೇಜಿನ ಹಿರಿಯಳು, ಎಲ್ಲರೂ ದೊಡ್ಡಮ್ಮ ಎನ್ನುವವಳು, "ಬಲಗೈ!" ಎಂದು ಕೂಗುತ್ತಿದ್ದಳು. ಅದು ಕೇಳಿದರೆ ಸರಿ, ಎಲ್ಲರೂ ಬಟ್ಟೆಯ ಮಗ್ಗುಲು ಬದಲಾಯಿಸುತ್ತಿದ್ದರು.

ಅಂಥ ಮೇಜಿಗೆ ಹೆಬ್ಬೆರಳು ಮಡಚದವಳನ್ನು ತಂದು ಕೂರಿಸಿದರೆ ಏನಾಗಬೇಕು? ಸೂಜಿ ಹಿಡಿಯಲು ಬರದೆ ಅವಳು ಮೊದಲ ದಿನವೆಲ್ಲ ಬಟ್ಟೆಯನ್ನು ಮಡಿಲಲ್ಲಿ ಅಡಗಿಸಿಕೊಂಡು ಕೂತಿದ್ದಳು. ಮರುದಿನ ದೊಡ್ಡಮ್ಮ ಎದ್ದುಬಂದು ಮಡಿಲಲ್ಲಿದ್ದ ರಾಶಿಯನ್ನು ಎತ್ತಿ ತನ್ನ ಮುಂದೆ ಸುರಿದುಕೊಂಡಳು. ಆಮೇಲೆ ಅವಳ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿದಳು.

"ಅದೇನು?"

"ಕಾದಂಬರಿ. ಒಂದು ದ್ವೀಪ, ಅಲ್ಲಿ ಕೊಲೆ ಆಗುತ್ತೆ."

"ಗಟ್ಟಿಯಾಗಿ ಓದು. ನಿನ್ನ ಪಾಲು ನಾವು ಹೊಲೀತೀವಿ. ಇಲ್ಲಿ ಕೂತು ಕೂತು ನಮ್ಮ ತಲೆಗೆ ತುಕ್ಕು ಹಿಡಿದಿದೆ."

ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಅವಳು ಓದುವಳು, ಉಳಿದವರು ಹೊಲಿಯುವರು, ಅವಳ ಪಾಲಿನ ಗವಸು ಎಲ್ಲರ ಕೈಯಲ್ಲೂ ಹಂಚಿಹೋಗುವುದು. ಆ ಮೇಜಿನ ಕೆಲಸ ಒಂದು ದಿನವೂ ಕಡಿಮೆ ಬಿದ್ದದ್ದಿಲ್ಲ. ಪುಸ್ತಕ ಮನೆಗೆ ಹೋಗುತ್ತಿರಲಿಲ್ಲ, ದಾರದ ಡಬ್ಬಿಯಲ್ಲೇ ಇರುತ್ತಿತ್ತು. ಮೇಜಿಗಿಂತ ಒಂದು ಪುಟ ಮುಂದೆ ತಾನೂ ಓದಬಾರದು ಎಂದು ಅವಳೇ ಮಾಡಿಕೊಂಡ ಕಟ್ಟು ಅದು. ಸಂಜೆ ಗಂಟಲು ಕಟ್ಟಿ ಮನೆಗೆ ಬರುವಳು. ಇದು ದಯೆಯ ಅನ್ನವೆಂದು ಯಾರಾದರೂ ಹೇಳಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಆದರೂ ಒಂದು ಹೆದರಿಕೆ ಒಳಗೆ ಇದ್ದೇ ಇತ್ತು. ಅವಳು ಹೊಲಿಯುವುದಿಲ್ಲ ಎಂದು ಆಫೀಸಿಗೆ ಗೊತ್ತಾದ ದಿನ ಅವಳು ಗೇಟಿನ ಹೊರಗೆ. ಆ ಕೈ ನೋಡಿ ಇನ್ನೊಬ್ಬರು ಕೆಲಸ ಕೊಡುವ ಮಾತೇ ಇರಲಿಲ್ಲ. ಹಳೆಯ ಮ್ಯಾನೇಜರ್ ನೋಡಿಯೂ ನೋಡದಂತೆ ಇದ್ದುಬಿಟ್ಟಿದ್ದ. ಈಗ ಮ್ಯಾನೇಜರ್ ಹೊಸಬ.

ಹೊಸ ಮ್ಯಾನೇಜರ್ ಕೆಟ್ಟವನೇನಲ್ಲ, ಶಿಸ್ತಿನ ಮನುಷ್ಯ. ಗಾಜಿನ ಗೋಡೆಯ ಒಂದು ರೂಮು ಕಟ್ಟಿಸಿಕೊಂಡು ಅದರಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದ. ಆದರೆ ಹಿಂದಿನ ಕೋಣೆಗೆ ಹೋಗಲು ಮೆಷಿನ್ ಹಾಲನ್ನು ದಾಟಬೇಕು, ಅಲ್ಲಿನ ಗದ್ದಲದಲ್ಲಿ ಈಚೆ ಓದಿದ್ದು ಆಚೆ ಕೇಳುತ್ತಿರಲಿಲ್ಲ. ಹೀಗೆ ಅವನು ಬಂದಮೇಲೂ ಹಲವು ದ್ವೀಪಗಳಲ್ಲಿ ಹಲವು ಕೊಲೆಗಳಾದವು.

ಆ ದಿನ ಓದುತ್ತಿದ್ದ ಕತೆಯ ದ್ವೀಪದಲ್ಲಿ ಒಂದು ದೀಪಸ್ತಂಭ. ಅಲ್ಲಿ ಒಬ್ಬ ವೈದ್ಯ, ಒಬ್ಬ ಅಡುಗೆಯವನು, ಒಬ್ಬ ಶ್ರೀಮಂತ ವಿಧವೆ, ಹಡಗಿನಿಂದ ನಿವೃತ್ತನಾದ ಒಬ್ಬ ಕ್ಯಾಪ್ಟನ್. ದೀಪ ಹಚ್ಚುವವನ ಹೆಣ ಮೆಟ್ಟಿಲ ಬುಡದಲ್ಲಿ ಬಿದ್ದಿದೆ. ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಕತೆಯ ವೈದ್ಯ ಗಾಯವನ್ನು ನೋಡಿ ಹೇಳುತ್ತಾನೆ: ಇದನ್ನು ಮಾಡಿದವನು ಎಡಚ.

ಆ ಊಟ ಊಟವಾಗಿರಲಿಲ್ಲ, ಪಂಚಾಯಿತಿಯಾಗಿತ್ತು. ಅಡುಗೆಯವನು ಚಾಕು ಯಾವ ಕೈಯಲ್ಲಿ ಹಿಡಿದಿದ್ದ? ವಿಧವೆ ಕಪ್ಪಿನ ಹಿಡಿಯನ್ನು ಯಾವ ಕಡೆ ತಿರುಗಿಸಿದ್ದಳು? ಪ್ರತಿಯೊಬ್ಬಳೂ ಗಾಳಿಯಲ್ಲಿ ಎಡಗೈ ಆಡಿಸಿ ತೋರಿಸುವವಳೇ. ದೊಡ್ಡಮ್ಮನಂತೂ ಚಮಚವನ್ನು ಎಡಗೈಯಲ್ಲಿ ಹಿಡಿದು ತನ್ನ ಪಕ್ಕದವಳನ್ನೇ ಇರಿದು ತೋರಿಸಿದಳು. "ಮುಂದೆ ಓದೇ ಬೇಗ, ಜೀವ ಹೋಗ್ತಾ ಇದೆ," ಎಂದು ಎಲ್ಲರೂ ಡಬ್ಬಿ ಮುಚ್ಚಿದರು. ಮೈಯೆಲ್ಲ ಕಿವಿಯಾಗಿ ಕೂತರು. "ಬಲಗೈ" ಎಂದು ಕೂಗಬೇಕಾದ ದೊಡ್ಡಮ್ಮನ ಬಾಯಿ ಕತೆಗೆ ತೆರೆದದ್ದು ತೆರೆದೇ ಇತ್ತು. ಸಂಜೆಯವರೆಗೂ ಆ ಮೇಜು ಎಡಗೈಯನ್ನೇ ಹೊಲಿಯಿತು.

ಮೊದಲು ನೋಡಿದವನು ಪ್ಯಾಕಿಂಗಿನವನು. ಜೋಡಿ ಕಟ್ಟಲು ಹೋಗಿ ತಲೆ ಕೆರೆದುಕೊಂಡ. "ಅಮ್ಮಂದಿರಾ, ಇವತ್ತು ಪ್ರಪಂಚದಲ್ಲಿರೋ ಬಲಗೈ ಎಲ್ಲಾ ಉದುರಿಹೋದ್ವಾ?" ಎಂದು ಹಾಸ್ಯಕ್ಕೇ ಕೂಗಿದ್ದು. ಆದರೆ ಮೆಷಿನ್ನುಗಳು ಆಗಷ್ಟೇ ನಿಂತಿದ್ದರಿಂದ ಆ ಕೂಗು ಗಾಜಿನ ರೂಮಿಗೆ ತಲುಪಿತು. ಮ್ಯಾನೇಜರ್ ಬಂದ, ರಾಶಿ ನೋಡಿದ, ದಾರದ ಡಬ್ಬಿಯ ಮೇಲೆ ಮಗುಚಿಟ್ಟಿದ್ದ ಪುಸ್ತಕ ನೋಡಿದ.

"ಯಾರದ್ದು ಇದು?"

ಎಲ್ಲರೂ ಬಗ್ಗಿ ಸೂಜಿ, ದಾರ ಎತ್ತಿಡತೊಡಗಿದರು.

"ಸರಿ. ನಾಳೆ ಬೆಳಿಗ್ಗೆ ಒಬ್ಬೊಬ್ಬರಾಗಿ ನನ್ನ ರೂಮಿಗೆ ಬನ್ನಿ. ಯಾರು ಓದ್ತಿದ್ರು, ಯಾರು ಹೊಲೀತಿದ್ರು, ನನಗೆಲ್ಲ ಗೊತ್ತಾಗಬೇಕು. ನಿಜ ಹೇಳಿದವರಿಗೆ ಏನೂ ತೊಂದರೆ ಆಗಲ್ಲ." ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡು ಹೋದ.

ಗೇಟಿನವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಜಿಗೆ ಹೊಸದಾಗಿ ಬಂದ ಕಿರಿಯವಳು ಹಿಂದಿನಿಂದ ಓಡಿಬಂದು ಅವಳ ತೋಳು ಹಿಡಿದಳು. "ಅಕ್ಕಾ, ನಂಗೆ ಸುಳ್ಳು ಹೇಳೋಕೆ ಬರಲ್ಲ. ಒಬ್ಬಳೇ ಇದ್ದಾಗ ಜೋರು ಮಾಡಿದ್ರೆ ಬಾಯಿ ಬಿಟ್ಟುಬಿಡ್ತೀನಿ." ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ದಾರಿಯುದ್ದಕ್ಕೂ ದ್ವೀಪದಕ್ಕನ ತಲೆ ಬೇರೆಯೇ ಲೆಕ್ಕ ಹಾಕತೊಡಗಿತು. ಇವಳಲ್ಲದಿದ್ದರೆ ಯಾರು ಹೇಳುತ್ತಾರೆ? ಕಿಟಕಿ ಪಕ್ಕದವಳಿಗೆ ಮನೆಯಲ್ಲಿ ಕಷ್ಟ. ದೊಡ್ಡಮ್ಮನಿಗೆ ವಯಸ್ಸಾಗಿದೆ, ಅವಳಿಗೂ ತನ್ನ ಕೆಲಸ ಬೇಕು. ಇಷ್ಟು ಕಾಲ ತನ್ನ ಪಾಲಿನ ಗವಸು ಹೊಲಿದವರನ್ನು ತಾನು ಕಳ್ಳರಂತೆ ಒಬ್ಬೊಬ್ಬರಾಗಿ ಅಳೆಯುತ್ತಿದ್ದೇನೆ ಎಂದು ಹೊಳೆದಾಗ ಅವಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಒಬ್ಬೊಬ್ಬರಾಗಿ ಎಂಬ ಒಂದೇ ಮಾತಿನಿಂದ ಆ ಮನುಷ್ಯ ಮೇಜನ್ನು ತುಂಡು ತುಂಡು ಮಾಡಿ ಹಾಕಿದ್ದ.

ಗಂಡ ಯಾವುದೋ ಪೆಟ್ಟಿಗೆಯ ಬೀಗ ಬಿಚ್ಚಿಟ್ಟುಕೊಂಡು ಕೂತಿದ್ದ. ಎಲ್ಲ ಕೇಳಿ, "ಕ್ಷಮಿಸಿ ಅಂದ್ಬಿಡು. ಅಂದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದ.

"ಯಾವುದಕ್ಕೆ ಕ್ಷಮೆ? ನನ್ನ ಬೆರಳು ಹಾಳಾಗಿದ್ದಕ್ಕಾ?"

"ಅದಲ್ಲ ಕಣೇ. ಕೆಲಸ ಹೋದ್ರೆ?"

"ನನಗೂ ಹೆದರಿಕೆ ಇದೆ. ಇಲ್ಲ ಅಂತ ಯಾರು ಹೇಳಿದ್ರು? ಆದ್ರೆ ಅವನ ಮುಂದೆ ಮಾತ್ರ ಬಗ್ಗಲ್ಲ."

ಗಂಡ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ. ಮಾತು ಬದಲಾಯಿಸಲೆಂದೇ ಕೇಳಿದ: "ಅದಿರಲಿ, ಎಡಚ ಯಾರಂತೆ? ಅಡುಗೆಯವನೇನಾ?"

"ನನಗೇನು ಗೊತ್ತು? ಪುಸ್ತಕ ಅವನ ಹತ್ರ ಇದೆ."

"ಏನು? ಪುಸ್ತಕಾನೂ ಕಿತ್ಕೊಂಡನಾ?" ಇಷ್ಟು ಹೊತ್ತು ಕ್ಷಮೆ ಕೇಳು ಎಂದವನು ಸ್ಕ್ರೂಡ್ರೈವರನ್ನು ಠಪ್ಪೆಂದು ಕುಕ್ಕಿದ. ಓದದಿದ್ದರೂ ದಿನಾ ಸಂಜೆ ಕೇಳಿ ಕೇಳಿ ಅವನೂ ಆ ದ್ವೀಪದಲ್ಲೇ ಇದ್ದವನು. "ಕತೆ ಮಧ್ಯದಲ್ಲಿ ಕಿತ್ಕೊಳ್ಳೋಕೆ ಅವನಿಗೆ ಮನುಷ್ಯತ್ವ ಇಲ್ವಾ? ಹೋಗು, ಬಿಡಬೇಡ ಅವನ್ನ."

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಗೇಟಿನಲ್ಲಿ ನಿಂತಿದ್ದಳು. ಮೇಜಿನವರು ಒಬ್ಬೊಬ್ಬರಾಗಿ ಬಂದಂತೆ ತಡೆದು ನಿಲ್ಲಿಸಿಕೊಂಡಳು.

"ಅಷ್ಟೊಂದು ದ್ವೀಪ ಓದಿ ಹೇಳಿದ್ದೀನಿ. ಏನು ಕಲಿತ್ರಿ?"

ಅಳುತ್ತಾ ಹೋಗಿದ್ದ ಕಿರಿಯವಳೇ ಮೆಲ್ಲನೆ ಹೇಳಿದಳು: "ಒಂಟಿಯಾಗಿ ಹೋಗಬಾರದು."

"ಹಾಂ! ಒಂಟಿಯಾಗಿ ಯಾರೂ ಹೋಗಲ್ಲ. ಸುಳ್ಳೂ ಹೇಳಲ್ಲ. ಹೇಳಬೇಕಾದ್ದನ್ನ ನಾನೇ ಹೇಳ್ತೀನಿ, ನೀವು ಸುಮ್ನೆ ನನ್ನ ಜೊತೆ ನಿಂತ್ಕೊಳ್ಳಿ ಸಾಕು."

ಗಾಜಿನ ರೂಮಿನಲ್ಲಿ ಒಬ್ಬರು ಕೂರಲು ಒಂದು ಕುರ್ಚಿ ಹಾಕಿಸಿ ಮ್ಯಾನೇಜರ್ ಕಾಯುತ್ತಿದ್ದ. ಬಾಗಿಲು ತೆರೆಯಿತು, ಮೇಜಿಗೆ ಮೇಜೇ ಒಳಗೆ ನುಗ್ಗಿತು. ಕುರ್ಚಿ ಎಲ್ಲೋ ಕಾಲಡಿಗೆ ಸಿಕ್ಕಿತು. ಯಾರದೋ ಮೊಣಕೈ ಫೈಲುಗಳ ಮೇಲೆ, ಇನ್ಯಾರದೋ ಊಟದ ಚೀಲ ಟೆಲಿಫೋನಿನ ಮೇಲೆ. ಮ್ಯಾನೇಜರ್ ಕುರ್ಚಿಯ ಸಮೇತ ಹಿಂದಿನ ಗೋಡೆಗೆ ಒತ್ತಿಕೊಂಡ.

"ಒಬ್ಬೊಬ್ಬರಾಗಿ ಅಂದಿದ್ದೆ!"

"ಆಗಲ್ಲ ಸಾರ್," ಎಂದಳು ದ್ವೀಪದಕ್ಕ. "ಕೇಳೋದನ್ನ ಎಲ್ಲರ ಮುಂದೆ ಕೇಳಿ. ಓದಿದ್ದು ನಾನು. ನಿನ್ನೆ ಒಂದೇ ದಿನ ಅಲ್ಲ, ಈ ಬೆರಳು ಹೋದಾಗಿನಿಂದ ಓದ್ತಾನೇ ಇದ್ದೀನಿ. ಒಂದು ಗವಸೂ ಹೊಲಿದಿಲ್ಲ." ಬಲಗೈ ಎತ್ತಿ ಅವನ ಮುಖಕ್ಕೆ ಹಿಡಿದಳು. "ನೋಡಿ ಸಾರ್, ಸರಿಯಾಗಿ ನೋಡಿ. ನಿಮ್ಮ ಮೆಷಿನ್ ಹಾಲಲ್ಲೇ ಹೋಗಿದ್ದು. ಮಡಚಲ್ಲ."

ಅವನು ನೋಡಿದ. ಕಣ್ಣು ಬೇರೆ ಕಡೆ ತಿರುಗಿಸಲು ಆ ರೂಮಿನಲ್ಲಿ ಜಾಗವಿರಲಿಲ್ಲ.

"ಅಂದ್ರೆ ಹೊಲೀದೇ ಸಂಬಳ ತಗೊಂಡಿದ್ದೀರಿ."

"ಓದಿ ತಗೊಂಡಿದ್ದೀನಿ. ಗಂಟಲು ಹರ್ಕೊಂಡು ಓದಿದ್ದೀನಿ. ನಮ್ಮ ಮೇಜಿನ ಕೆಲಸ ಯಾವತ್ತಾದ್ರೂ ಕಡಿಮೆ ಬಿದ್ದಿದ್ರೆ ತೋರಿಸಿ."

ಅವನ ಹತ್ತಿರ ತೋರಿಸಲು ಏನೂ ಇರಲಿಲ್ಲ, ಆದರೆ ಶಿಸ್ತು ಇತ್ತು. "ಇವತ್ತಿಂದ ಪುಸ್ತಕ ಬಂದ್. ನೀವು ಈಗಲೇ ಮನೆಗೆ ಹೋಗಬಹುದು. ಉಳಿದವರು ಹೋಗಿ ಕೆಲಸ ಮಾಡಿ," ಎಂದ.

ಎಲ್ಲರೂ ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮ "ಆಗಲಿ ಸಾರ್," ಎಂದಳು. ಅಷ್ಟೇ ಅಂದದ್ದು. ದ್ವೀಪದಕ್ಕ ಊಟದ ಚೀಲವನ್ನು ಹೆಗಲಿಗೇರಿಸಿದಳು. ಆದರೆ ಹೊರಗೆ ಬಂದೊಡನೆ ದೊಡ್ಡಮ್ಮ ಅವಳ ಮುಂಗೈ ಹಿಡಿದು, ಗೇಟಿನ ಕಡೆಗಲ್ಲ, ಮೆಷಿನ್ ಹಾಲಿನ ನಡುವಿನಿಂದ ಹಿಂದಿನ ಕೋಣೆಗೆ ದರದರ ಎಳೆದುಕೊಂಡು ಹೋದಳು. ಅವಳ ಸ್ಟೂಲಿನ ಮೇಲೇ ಅವಳನ್ನು ಕೂರಿಸಿದಳು. "ಕೂತ್ಕೋ. ಎದ್ದೀಯ ನೋಡು ಮತ್ತೆ."

ಬೆಳಿಗ್ಗೆ ಎಡಗೈ ಹೊಲಿದರು. ಊಟ ಮಾಡಿದರು, ಡಬ್ಬಿ ಮುಚ್ಚಿದರು. ದೊಡ್ಡಮ್ಮ ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಿರಿಯವಳು ಕಿಸಕ್ಕೆಂದಳು. ಎಲ್ಲರೂ ಮಗ್ಗುಲು ಬದಲಾಯಿಸದೆ ಮತ್ತೆ ಎಡಗೈಯನ್ನೇ ಹೊಲಿಯತೊಡಗಿದರು. ಪ್ಯಾಕಿಂಗಿನವನು ಬಂದು ನೋಡಿ, ಈ ಸಲ ಏನೂ ಕೂಗದೆ, ನಗು ನುಂಗಿಕೊಂಡು ವಾಪಸು ಹೋದ.

ಮ್ಯಾನೇಜರ್ ಬಂದಾಗ ಹೊತ್ತು ಇಳಿದಿತ್ತು. "ಏನಿದು? ಬಲಗೈ ಎಲ್ಲಿ?"

"ಅಯ್ಯೋ, ಊಟ ಆಗಿದ್ದೇ ಗೊತ್ತಾಗಲಿಲ್ಲ ಸಾರ್," ಎಂದಳು ದೊಡ್ಡಮ್ಮ, ಬಟ್ಟೆಯಿಂದ ತಲೆ ಎತ್ತದೆ. "ಕತೆ ಇದ್ರೆ ಹೊತ್ತು ನೆನಪಿರುತ್ತೆ. ಕತೆ ಇಲ್ಲ, ಹೊತ್ತೂ ಇಲ್ಲ."

"ನಿನ್ನೆ ಕತೆ ಇದ್ದಾಗಲೇ ತಾನೆ ಮರೆತಿದ್ದು?"

"ಅದು ಮರೆವು ಸಾರ್. ಇದು ಬೇರೆ."

ಅವನೇ "ಬಲಗೈ!" ಎಂದು ಕೂಗಿದ. ಮೇಜು ಎಡಗೈಯನ್ನೇ ಹೊಲಿಯುತ್ತಿತ್ತು. ಇನ್ನೊಮ್ಮೆ ಕೂಗಿದ. ಯಾರೂ ಕ್ಯಾರೇ ಅನ್ನಲಿಲ್ಲ. ಆಗ ಅವನ ಕಣ್ಣು ಮೇಜಿನ ತುದಿಗೆ ಹೋಯಿತು.

"ನೀವಿನ್ನೂ ಹೋಗಿಲ್ವಾ?"

"ದೋಣಿ ಬಂದಿಲ್ಲ ಸಾರ್," ಎಂದಳು ದ್ವೀಪದಕ್ಕ.

ಮೊದಲ ದಿನ ಅವಳು ಆ ಮೇಜಿನಲ್ಲಿ ಬಟ್ಟೆಯನ್ನು ಮಡಿಲಲ್ಲಿ ಅಡಗಿಸಿಕೊಂಡು ಕೂತಿದ್ದಳಲ್ಲ, ಇಂದು ಮಡಿಲಲ್ಲಿ ಏನೂ ಇರಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹರಡಿ ಕೂತಿದ್ದಳು. ಇಷ್ಟು ವರ್ಷ ಯಾರಾದರೂ ಬಂದರೆ ಸೆರಗಿನ ಮರೆಗೆ ಸೇರುತ್ತಿದ್ದ ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಒಳಗೆ ಭಯವಿತ್ತು. ಆದರೆ ಅದಕ್ಕಿಂತ ದೊಡ್ಡದಾಗಿ, ಅಡಗಿಸಲು ಇನ್ನೇನೂ ಉಳಿದಿಲ್ಲ ಎಂಬ ಹಗುರವೂ ಇತ್ತು. ಮ್ಯಾನೇಜರ್ ಬಂದ ದಾರಿಯಲ್ಲೇ ಹೊರಟುಹೋದ.

ಮರುದಿನವೂ ಹಾಗೆಯೇ. ಎಡಗೈಗಳ ರಾಶಿ ಕಿಟಕಿಯವರೆಗೆ ಏರಿತು. ಹೊಸಬರನ್ನು ಕರೆಸೋಣವೆಂದರೆ ಹೆಬ್ಬೆರಳಿನ ತಿರುವು ಕೈಗೆ ಹತ್ತಲು ತಿಂಗಳುಗಳೇ ಬೇಕು, ಗಾಜಿನ ಕಾರ್ಖಾನೆಯವರೋ ಜೋಡಿ ಎಲ್ಲಿ ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅವರ ಕೆಲಸಗಾರರಿಗೆ ಎರಡು ಕೈ ಇದ್ದವು, ಏನು ಮಾಡುವುದು.

ಅದರ ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಪುಸ್ತಕ ಹಿಡಿದು ಬಂದ. ಅವಳ ಕೈಗೆ ಕೊಡದೆ ಮೇಜಿನ ಮಧ್ಯದಲ್ಲಿಟ್ಟ. "ಓದ್ಕೊಳ್ಳಿ. ಊಟ ಆದ್ಮೇಲೆ ಬಲಗೈ ಮಾತ್ರ ಮರೀಬೇಡಿ."

ಬೇರೆಯವರಾಗಿದ್ದರೆ ಅಲ್ಲಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ಅವಳು ಪುಸ್ತಕವನ್ನು ಮುಟ್ಟಲಿಲ್ಲ.

"ಇನ್ನೊಂದಿದೆ ಸಾರ್. ಇಷ್ಟು ದಿನ ನನ್ನ ಹೆಸರಿನ ಮುಂದೆ ಹೊಲಿಯುವವಳು ಅಂತ ಇತ್ತು. ಅದು ಸುಳ್ಳು. ಓದುವವಳು ಅಂತ ಬರೆಸಿ."

"ಅಂಥದೊಂದು ಕೆಲಸ ಇಲ್ಲಮ್ಮ ಕಾರ್ಖಾನೇಲಿ."

"ಇದೆಯಲ್ಲ ಸಾರ್. ನಿಮ್ಮ ಮುಂದೇನೇ ಕೂತಿದೆ."

ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು. ಸೂಜಿಗಳು ಬಟ್ಟೆಯಲ್ಲಿ ಅರ್ಧ ಇಳಿದಲ್ಲಿಯೇ ಉಳಿದವು. ಮ್ಯಾನೇಜರ್ ಕಿಟಕಿಯ ಬಳಿಯ ರಾಶಿ ನೋಡಿದ, ದೊಡ್ಡಮ್ಮನ ಮುಚ್ಚಿದ ಬಾಯಿ ನೋಡಿದ, ಕೊನೆಗೆ ಮೇಜಿನ ಮೇಲಿದ್ದ ಆ ಕೈ ನೋಡಿದ.

"ಬರೆಸ್ತೀನಿ," ಎಂದ.

ಬೆಳಗಿನ ಹೊತ್ತು, ಎಡಗೈಯ ಹೊತ್ತು. ಆದರೂ ದೊಡ್ಡಮ್ಮ ಮೆಷಿನ್ ಹಾಲಿನ ಗದ್ದಲವನ್ನೂ ಸೀಳಿಕೊಂಡು ಹೋಗುವ ಹಾಗೆ "ಬಲಗೈ!" ಎಂದು ಕೂಗಿದಳು. ಮೇಜಿನುದ್ದಕ್ಕೂ ಗವಸುಗಳು ಒಟ್ಟಿಗೆ ಮಗ್ಗುಲು ಬದಲಾಯಿಸಿದವು.

ದ್ವೀಪದಕ್ಕ ಪುಸ್ತಕ ಎಳೆದುಕೊಂಡು ನಿಲ್ಲಿಸಿದ್ದ ಪುಟ ಹುಡುಕಿದಳು. ಮಡಚದ ಹೆಬ್ಬೆರಳನ್ನು ಎರಡು ಪುಟಗಳ ನಡುವೆ ಒತ್ತಿ ಹಿಡಿದಳು, ಆ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಮ್ಯಾನೇಜರ್ ಬಾಗಿಲ ಹತ್ತಿರ ಇನ್ನೂ ನಿಂತೇ ಇದ್ದ. ಅವಳು ಗಂಟಲು ಸರಿಮಾಡಿಕೊಂಡು ಗಾಜಿನ ರೂಮಿನವರೆಗೂ ಕೇಳುವಷ್ಟು ಗಟ್ಟಿಯಾಗಿ ಓದತೊಡಗಿದಳು.